ಇಂದಿನ ಧಮ್ಮ ಚಿಂತನೆ: ಪಕ್ಕದ ಮನೆಯ ನಾಯಿ ಮತ್ತು ನನ್ನ ಮೈತ್ರಿ

 



ಇವತ್ತಿನ ಚಿಂತನೆಯ ಸರದಿ ನನ್ನದು. ಮೈತ್ರಿಯ ಬಗ್ಗೆ ಬರೆಯಿರಿ ಎಂದು ನಮ್ಮ ಬಳಗದ ಹಿರಿಯರು ಹೇಳಿದರು. ತರಗತಿಯಲ್ಲಿ ಪಾಠ ಮಾಡಿದಂತೆ ಮೈತ್ರಿಯ ಬಗ್ಗೆ ಬರೆಯುವುದು ನನಗೆ ಕಷ್ಟವಲ್ಲ. ಆದರೆ ನನ್ನ ಮೈತ್ರಿ ಎಷ್ಟು ತೆಳ್ಳಗಿತ್ತು ಎಂಬುದನ್ನು ಒಂದು ನಾಯಿ ನನಗೆ ತೋರಿಸಿಕೊಟ್ಟಿತು. ಅದನ್ನೇ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಕಳೆದ ಜೂನ್‌ನಲ್ಲಿ ನಾವು ಮೈಸೂರಿನ ಹೊರವಲಯದ ಒಂದು ಬಡಾವಣೆಗೆ ಬಾಡಿಗೆಗೆ ಬಂದೆವು. ಮಗಳು ಮೂರನೇ ತರಗತಿ, ಮಗ ಯುಕೆಜಿ. ಯಜಮಾನರ ಕೆಲಸ ಹಾಸನದಲ್ಲಿ, ಶನಿವಾರ ರಾತ್ರಿ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಡುತ್ತಾರೆ. ನಮ್ಮ ಅಡ್ಡರಸ್ತೆ ಕಿರಿದು, ಶಾಲೆಯ ವ್ಯಾನ್ ಒಳಗೆ ಬರುವುದಿಲ್ಲ. ಮಕ್ಕಳು ಮುಖ್ಯರಸ್ತೆಯ ತಿರುವಿನವರೆಗೆ ನಡೆಯಬೇಕು. ಆ ದಾರಿಯಲ್ಲಿ ಮೊದಲು ಸಿಗುವುದೇ ಪಕ್ಕದ ಮನೆಯ ಗೇಟು. ಗೇಟಿನ ಹಿಂದೆ ಟೈಗರ್.

ಟೈಗರ್ ಜರ್ಮನ್ ಶೆಫರ್ಡ್. ನಮ್ಮ ಜನ ಇಂಥದ್ದನ್ನು 'ಜಾತಿ ನಾಯಿ' ಅನ್ನುತ್ತಾರೆ. ನಾಯಿಗೂ ಜಾತಿ ಅಂಟಿಸಿರುವ ಆ ಮಾತು ಕೇಳಿದಾಗಲೆಲ್ಲ ಕನ್ನಡ ಮೇಷ್ಟರಾದ ನನಗೆ ಕಸಿವಿಸಿ. ದಿನವಿಡೀ ಅದು ಮೆಟ್ಟಿಲ ಕೆಳಗೆ ಸರಪಳಿಯಲ್ಲಿ ಇರುತ್ತಿತ್ತು. ಬೆಳಿಗ್ಗೆ ಸಂಜೆ ಸ್ವಲ್ಪ ಹೊತ್ತು ಕಾಂಪೌಂಡಿನೊಳಗೆ ಬಿಡುತ್ತಿದ್ದರು. ಸರಿಯಾಗಿ ಅದೇ ಹೊತ್ತಿಗೆ ನನ್ನ ಮಕ್ಕಳು ಹೋಗಿಬರಬೇಕು. ಮಕ್ಕಳು ಕಂಡ ತಕ್ಷಣ ಅದು ಗೇಟಿಗೆ ಎರಗುತ್ತಿತ್ತು. ಗೇಟಿನ ಚಿಲಕ ಸಡಿಲ. ಮಗ ನನ್ನ ಸೀರೆಯ ಸೆರಗು ಹಿಡಿದು, ಕಣ್ಣು ಮುಚ್ಚಿಕೊಂಡು ಆ ಗೇಟು ದಾಟುತ್ತಿದ್ದ.

ಐದು ತಿಂಗಳು ನಾನು ಆ ಮನೆಯವರ ಹತ್ತಿರ ಒಂದು ಮಾತೂ ಆಡಲಿಲ್ಲ. ಇದು ಕ್ಷಾಂತಿ, ಸಹನೆಯ ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಬಾಡಿಗೆ ಮನೆ ಹುಡುಕುವಾಗ "ನೀವು ಯಾವ ಜನ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ "ಮನೆ ಬೇರೆಯವರಿಗೆ ಮಾತಾಗಿದೆ" ಎಂದವರನ್ನು ನಾನು ಕಂಡಿದ್ದೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧರ ಚಿತ್ರವಿದೆ, ಬಾಬಾಸಾಹೇಬರ ಚಿತ್ರವಿದೆ. ಪಕ್ಕದವರು ನೋಡಿಯೇ ಇರುತ್ತಾರೆ, ನಾವು ಹೋಗುವಾಗ ಬೇಕೆಂದೇ ನಾಯಿ ಬಿಡುತ್ತಾರೆ ಎಂದು ನನ್ನ ಮನಸ್ಸು ಕಥೆ ಕಟ್ಟಿಕೊಂಡಿತು. ಹೋಗಿ ಕೇಳಿದರೆ ಅವಮಾನ ಆದೀತು ಎಂಬ ಅಂಜಿಕೆ. ಆ ಅಂಜಿಕೆಗೆ ಸಹನೆ ಎಂಬ ಒಳ್ಳೆಯ ಹೆಸರು ಇಟ್ಟುಕೊಂಡಿದ್ದೆ.

ನವೆಂಬರ್‌ನ ಒಂದು ಬೆಳಿಗ್ಗೆ ಚಿಲಕ ಕಳಚಿತು. ಟೈಗರ್ ಹೊರಗೆ ಬಂತು. ಮಗ ಸೆರಗು ಬಿಟ್ಟು ಓಡಿದ. ಓಡಿದವನ ಬೆನ್ನು ಹತ್ತಿ ಅದು ಅವನ ಬ್ಯಾಗು ಹಿಡಿದು ಎಳೆಯಿತು. ಮಗು ಬಿದ್ದ. ನಾನು ಕೈಯಲ್ಲಿದ್ದ ಊಟದ ಬ್ಯಾಗನ್ನೇ ಬೀಸಿದೆ. ಆ ಮನೆಯ ಅಂಕಲ್ ಓಡಿಬಂದು ಕತ್ತುಪಟ್ಟಿ ಹಿಡಿದು ಎಳೆದುಕೊಂಡು ಹೋದರು. "ಮಕ್ಕಳು ಓಡಬಾರದಿತ್ತು ಮೇಡಂ" ಅಂದರು. ಅಷ್ಟೇ.

ಮಗನ ಮೀನಖಂಡದ ಮೇಲೆ ಹಲ್ಲು ತರಚಿದ ಎರಡು ಗೆರೆ. ರಕ್ತ ಬಂದಿರಲಿಲ್ಲ. ಎದುರು ಮನೆಯ ಅಜ್ಜಿ ಅರಿಶಿನ ಹಿಡಿದುಕೊಂಡು ಬಂದರು. ಬೇಡ ಅಜ್ಜಿ ಎಂದು ಹೇಳಿ, ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಾಕಿ 15 ನಿಮಿಷ ತೊಳೆದೆ. ನಮ್ಮ ಶಾಲೆಯಲ್ಲಿ ಆರೋಗ್ಯ ಸಿಬ್ಬಂದಿ ಹೇಳಿಕೊಟ್ಟಿದ್ದು ನೆನಪಿತ್ತು. ಸರ್ಕಾರಿ ಆಸ್ಪತ್ರೆಯ ವೈದ್ಯೆ ನೋಡಿ, ರಕ್ತ ಬರದಿದ್ದರೂ ತರಚಿದ್ದರೆ ಲಸಿಕೆ ಬೇಕೇ ಬೇಕು ಅಂದರು. ಅಂದೇ ಒಂದು, ಆಮೇಲೆ 3, 7 ಮತ್ತು 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಬೇರೆ ಔಷಧಿಯೂ ಬೇಕಾಗುತ್ತಿತ್ತು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳುವುದು ಬಹುತೇಕ ಅಸಾಧ್ಯ, ಅದಕ್ಕೇ ತಡಮಾಡಬಾರದು ಎಂದರು. "ಸಾಕಿದ ನಾಯಿ ತಾನೇ, ಲಸಿಕೆ ಹಾಕಿಸಿದ್ದಾರಾ ಕೇಳಿ. 10 ದಿನ ಅದರ ಮೇಲೆ ಕಣ್ಣಿಡಿ. ಆದರೆ ಅದಕ್ಕೆ ಕಾಯುತ್ತಾ ಇಂಜೆಕ್ಷನ್ ನಿಲ್ಲಿಸಬೇಡಿ."

ಈಗ ಹೇಳಲು ನಾಚಿಕೆಯಾಗುವ ಮಾತಿಗೆ ಬರುತ್ತೇನೆ.

ಆ ರಾತ್ರಿ ಮಗ ಎರಡು ಸಲ ಚೀರಿ ಎದ್ದ. ಅವನನ್ನು ತಟ್ಟಿ ಮಲಗಿಸಿ ಅಡುಗೆಮನೆಗೆ ಬಂದೆ. ಅಟ್ಟದ ಮೇಲೆ ಇಲಿ ಪಾಷಾಣದ ಪೊಟ್ಟಣ ಇದೆ ಎಂಬುದು ನೆನಪಾಯಿತು. ಸುಮ್ಮನೆ ನೆನಪಾದದ್ದಲ್ಲ. ಯಾವ ಹೊತ್ತಿನಲ್ಲಿ ಆ ಮನೆಯ ದೀಪ ಆರುತ್ತದೆ ಎಂಬುದೂ ನೆನಪಾಯಿತು. ಸ್ಟೂಲ್ ಎಳೆದು ಹತ್ತಿಯೂ ನಿಂತೆ. ಅಂದು ಸಂಜೆಯಷ್ಟೇ ಮಗಳ ಜೊತೆ ಕುಳಿತು ಪಂಚಶೀಲ ಹೇಳಿದ್ದೆ. ಜೀವಹತ್ಯೆಯಿಂದ ದೂರವಿರುತ್ತೇನೆ ಎಂಬುದು ಅದರ ಮೊದಲ ಶೀಲ. ಹೇಳಿ ನಾಲ್ಕು ಗಂಟೆ ಆಗಿರಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅಹಿಂಸೆಯನ್ನು ಚರ್ಚಿಸುವಾಗ ಒಂದು ಭೇದ ಮಾಡುತ್ತಾರೆ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ. ಎಂಎ ಓದುವಾಗಲೇ ಅಡಿಗೆರೆ ಎಳೆದಿಟ್ಟಿದ್ದ ಭಾಗ. ಸ್ಟೂಲಿನ ಮೇಲೆ ನಿಂತು ನನ್ನನ್ನೇ ಕೇಳಿಕೊಂಡೆ: ಇದು ಅಗತ್ಯವೋ, ಇಚ್ಛೆಯೋ? ಅಗತ್ಯ ಎನ್ನಬೇಕಾದರೆ ಬೇರೆ ದಾರಿಗಳನ್ನೆಲ್ಲ ನೋಡಿ ಮುಗಿಸಿರಬೇಕು. ನಾನೋ, ಪಕ್ಕದ ಮನೆಯ ಬಾಗಿಲನ್ನೇ ಒಮ್ಮೆಯೂ ತಟ್ಟಿರಲಿಲ್ಲ. ಚಿಲಕ ಸರಿಮಾಡಿಸಿ ಎಂಬ ಎರಡು ಪದ ಆಡಲಾರದೆ ಒಂದು ಜೀವ ತೆಗೆಯಲು ಹೊರಟಿದ್ದೆ. ಕೆಳಗಿಳಿದೆ. ಬೆಳಿಗ್ಗೆ ಆ ಪೊಟ್ಟಣವನ್ನು ಮನೆಯಿಂದಲೇ ತೆಗೆಸಿದೆ.

ಬಂಧುಗಳೇ, ಮೈತ್ರಿ ಸುತ್ತವನ್ನು ನಾವೆಲ್ಲ ಪಠಿಸುತ್ತೇವೆ. ಅದರಲ್ಲಿ ಭಗವಾನ್ ಬುದ್ಧರು ಒಬ್ಬ ತಾಯಿಯನ್ನು ಉದಾಹರಣೆಯಾಗಿ ಕೊಡುತ್ತಾರೆ. ತನ್ನ ಒಂದೇ ಮಗುವನ್ನು ಪ್ರಾಣ ಪಣಕ್ಕಿಟ್ಟು ಕಾಯುವವಳು ಆಕೆ. ಅಂಥ ಮನಸ್ಸನ್ನು ಎಲ್ಲ ಜೀವಿಗಳ ಕಡೆಗೂ ಬೆಳೆಸಿಕೊಳ್ಳಿ ಎಂಬುದು ಅಲ್ಲಿನ ಸಾರ. ಆ ರಾತ್ರಿ ನಾನು ತಾಯಿಯವರೆಗೆ ಮಾತ್ರ ಓದಿ ಪುಸ್ತಕ ಮುಚ್ಚಿದ್ದೆ. ಹಾಗೆಂದು ಇನ್ನೊಂದು ತಪ್ಪನ್ನೂ ಮಾಡಬಾರದು. 'ಎಲ್ಲ ಜೀವಿಗಳು' ಎಂದು ಹೇಳುತ್ತಾ ಮಗುವನ್ನು ಕಾಯುವ ಕೆಲಸ ಬಿಟ್ಟರೆ ಅದು ಮೈತ್ರಿಯಲ್ಲ. ಬುದ್ಧರು ತಾಯಿಗೆ ಕಾವಲು ಬಿಡು ಎನ್ನಲಿಲ್ಲ. ಅವಳ ಕಾವಲನ್ನೇ ಮೈತ್ರಿಯ ಅಳತೆಗೋಲು ಮಾಡಿದರು.

ಹಾಗಾದರೆ ಮಾಡುವುದೇನು? ಮಜ್ಝಿಮ ನಿಕಾಯದಲ್ಲಿ ಅಭಯ ರಾಜಕುಮಾರನ ಪ್ರಸಂಗ ಬರುತ್ತದೆ. ಇತರರಿಗೆ ಹಿತವೆನಿಸದ ಮಾತನ್ನು ತಥಾಗತರು ಆಡುತ್ತಾರೆಯೇ ಎಂದು ಅವನು ಬುದ್ಧರನ್ನು ಕೇಳುತ್ತಾನೆ. ಆಗ ಅವನ ತೊಡೆಯ ಮೇಲೆ ಎಳೆಯ ಮಗುವೊಂದು ಮಲಗಿರುತ್ತದೆ. ಈ ಮಗು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀಯ ಎಂದು ಬುದ್ಧರು ಕೇಳುತ್ತಾರೆ. ತೆಗೆಯುತ್ತೇನೆ, ಒಂದು ವೇಳೆ ರಕ್ತ ಬಂದರೂ ಬೆರಳು ಹಾಕಿ ತೆಗೆಯುತ್ತೇನೆ, ಮಗುವಿನ ಮೇಲೆ ನನಗೆ ಕರುಣೆಯಿದೆ ಎಂದು ಅವನು ಉತ್ತರಿಸುತ್ತಾನೆ. ಮಾತೂ ಹಾಗೆಯೇ ಎಂದು ಬುದ್ಧರು ವಿವರಿಸುತ್ತಾರೆ. ಮಾತು ಸತ್ಯವಾಗಿರಬೇಕು, ಹಿತ ತರುವಂಥದ್ದಾಗಿರಬೇಕು. ಕೇಳುವವರಿಗೆ ಅದು ಅಪ್ರಿಯವಾದರೂ, ಹೇಳುವ ಹೊತ್ತನ್ನು ಅರಿತು ಹೇಳುತ್ತಾರೆ.

ಮರುದಿನ ಸಂಜೆ ಪಕ್ಕದ ಮನೆಗೆ ಹೋದೆ. ಹೋಗುವ ಮೊದಲು ಒಂದು ಚೀಟಿಯ ಮೇಲೆ ಎರಡು ಸಾಲು ಬರೆದುಕೊಂಡಿದ್ದೆ. ನನಗೆ ಗೊತ್ತಿರುವುದು: ಚಿಲಕ ಸಡಿಲ, ನಾಯಿ ಹೊರಬಂತು, ಹಲ್ಲು ತಾಗಿತು. ನನಗೆ ಗೊತ್ತಿಲ್ಲದ್ದು: ಅವರು ಬೇಕೆಂದೇ ಬಿಟ್ಟರೇ, ನಮ್ಮ ಬಗ್ಗೆ ಅವರ ಮನಸ್ಸಿನಲ್ಲಿ ಏನಿದೆ. ಗೊತ್ತಿರುವುದನ್ನು ಮಾತ್ರ ಮಾತಾಡುವುದು ಎಂದು ನಿಶ್ಚಯಿಸಿದೆ.

ಅಂಕಲ್ ಗೇಟಿನ ಬಳಿಯೇ ನಿಂತು ಮಾತಾಡಿಸಿದರು, ಒಳಗೆ ಕರೆಯಲಿಲ್ಲ. ಯಾಕೆಂದು ನನಗೆ ಗೊತ್ತಿಲ್ಲ. "ನಮ್ ಟೈಗರ್ ಏನೂ ಮಾಡಲ್ಲ ಮೇಡಂ, ಓಡಿದ್ರೆ ಆಟ ಅಂದ್ಕೊಳ್ಳುತ್ತೆ" ಅಂದರು.

"ಅಂಕಲ್, ಮಗೂಗೆ ಹಲ್ಲು ತಾಗಿದೆ. ನಾಲ್ಕು ಇಂಜೆಕ್ಷನ್ ಹಾಕಿಸ್ತಾ ಇದೀನಿ. ಟೈಗರ್‌ಗೆ ಲಸಿಕೆ ಆಗಿದೆಯಾ ಅಂತ ಡಾಕ್ಟರ್ ಕೇಳಿದಾರೆ" ಎಂದೆ.

ಆಂಟಿ ಒಳಗಿನಿಂದ ಕಾರ್ಡು ಹುಡುಕಿ ತಂದರು. ವರ್ಷಕ್ಕೊಮ್ಮೆ ಹಾಕಿಸಬೇಕಾದ್ದು ತಪ್ಪಿಹೋಗಿತ್ತು. ಆಗ ಮಾತು ಬಿಚ್ಚಿಕೊಂಡಿತು. ಎರಡು ವರ್ಷದ ಹಿಂದೆ ಅವರ ಮನೆಯಲ್ಲಿ ಕಳ್ಳತನವಾಗಿತ್ತು. ಬೆಂಗಳೂರಿನಲ್ಲಿರುವ ಮಗ ನಾಯಿ ತಂದು ಬಿಟ್ಟು ಹೋಗಿದ್ದ. ಆಂಟಿಗೆ ಮಂಡಿನೋವು, ಅಂಕಲ್‌ಗೆ ಅದನ್ನು ಹಿಡಿದು ನಡೆಸುವ ಶಕ್ತಿಯಿಲ್ಲ. ಅದಕ್ಕೇ ದಿನವಿಡೀ ಸರಪಳಿ. ಕಟ್ಟಿಹಾಕಿದಷ್ಟೂ ಅದರ ರೊಚ್ಚು ಹೆಚ್ಚಿತ್ತು.

ನಾನು ನಾಲ್ಕು ಮಾತು ಕೇಳಿಕೊಂಡೆ. ಚಿಲಕಕ್ಕೆ ಬೀಗ. ಬೆಳಿಗ್ಗೆ 8ರಿಂದ 8.30, ಸಂಜೆ 4ರಿಂದ 4.30 ನಾಯಿಯನ್ನು ಬಿಡಬಾರದು. 10 ದಿನ ಅದು ಹೇಗಿದೆ ಎಂದು ನನಗೆ ತಿಳಿಸಬೇಕು. ಆಮೇಲೆ ಪಶುವೈದ್ಯರನ್ನು ಕೇಳಿ ಲಸಿಕೆ ಹಾಕಿಸಬೇಕು. ಇದು ಆಗದಿದ್ದರೆ ಪಾಲಿಕೆಗೂ ಪೊಲೀಸರಿಗೂ ಲಿಖಿತ ದೂರು ಕೊಡುತ್ತೇನೆ ಎಂಬುದನ್ನೂ ಮುಚ್ಚಿಡಲಿಲ್ಲ. ಸಾಕಿದ ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ನಾಯಿಯನ್ನು ಸದಾ ಕಟ್ಟಿಹಾಕಿ ಓಡಾಡಿಸದೆ ಇರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ತಪ್ಪು. ನೋಡಿ, ಕಾನೂನು ಕೂಡ ಮಗುವನ್ನೂ ನಾಯಿಯನ್ನೂ ಒಟ್ಟಿಗೆ ಕಾಯುತ್ತದೆ.

ಅಂಕಲ್ ಮುಖ ಕೆಂಪಾಯಿತು. "ಕಂಪ್ಲೇಂಟ್ ಕೊಡ್ತೀನಿ ಅಂತ ಹೇಳೋಕೆ ಬಂದ್ರಾ?" ಎಂದು ಒಳಗೆ ಹೋದರು. ನನ್ನ ಕಾಲು ನಡುಗುತ್ತಿತ್ತು. ಆದರೆ ಮನೆಗೆ ಬಂದು ಮಲಗಿದಾಗ ಐದು ತಿಂಗಳಲ್ಲಿ ಮೊದಲ ಸಲ ಎದೆ ಹಗುರವಾಗಿತ್ತು.

ಮೂರನೇ ದಿನ ಗೇಟಿಗೆ ಹೊಸ ಚಿಲಕ, ಬೀಗ ಬಂತು. ದಿನಾ ಸಂಜೆ ಆಂಟಿ ಕಾಂಪೌಂಡಿನ ಮೇಲಿಂದ "ಟೈಗರ್ ಚೆನ್ನಾಗಿ ತಿಂದ್ಕೊಂಡಿದೆ ಟೀಚರಮ್ಮ" ಎಂದು ಕೂಗಿ ಹೇಳುತ್ತಿದ್ದರು. 10 ದಿನ ಕಳೆಯಿತು. ಲಸಿಕೆಯೂ ಆಯಿತು. ಈಗ ಒಬ್ಬ ಹುಡುಗ ಬೆಳಿಗ್ಗೆ ಐದೂವರೆಗೆ ಅದನ್ನು ಹಿಡಿದು ವಾಕಿಂಗ್ ಮಾಡಿಸುತ್ತಾನೆ. ಬೊಗಳುವುದು ಕಡಿಮೆಯಾಗಿದೆ. ಅಂಕಲ್ ಇಂದಿಗೂ ನನ್ನ ಜೊತೆ ಹೆಚ್ಚು ಮಾತಾಡುವುದಿಲ್ಲ. ಮಗನಿಗೆ ಇನ್ನೂ ಭಯವಿದೆ. ಎಲ್ಲವೂ ಸರಿಹೋಯಿತು ಎಂದು ನಾನು ಹೇಳಲಾರೆ. ಮಗು ಸುರಕ್ಷಿತ, ನಾಯಿ ಜೀವಂತ, ನನ್ನ ಶೀಲ ಉಳಿಯಿತು. ಅಷ್ಟು ಹೇಳಬಲ್ಲೆ.

ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಮಾಡಿಸಿದ್ದೇನೆ. ನಾಯಿ ಎದುರಾದರೆ ಓಡಬೇಡ, ಕಿರುಚಬೇಡ. ಮರದ ಹಾಗೆ ನಿಲ್ಲು, ಕೈ ಮೈಗೆ ಅಂಟಿಸಿಕೋ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಕೆಳಗೆ ನೋಡು. ಬಿದ್ದರೆ ಮುದುಡಿಕೊಂಡು ಕುತ್ತಿಗೆ, ಕಿವಿ ಮುಚ್ಚಿಕೋ. ತಿನ್ನುತ್ತಿರುವ, ಮಲಗಿರುವ, ಮರಿ ಹಾಕಿರುವ ನಾಯಿಯ ಹತ್ತಿರ ಹೋಗಬೇಡ. ಯಾವ ನಾಯಿ ತರಚಿದರೂ ಅಮ್ಮ ಬೈಯುತ್ತಾಳೆಂದು ಮುಚ್ಚಿಡಬೇಡ. ಚಿಕ್ಕವನು ಇದನ್ನು 'ಮರದ ಆಟ' ಎನ್ನುತ್ತಾನೆ. ಉಸಿರು ಗಮನಿಸುತ್ತಾ ಅಲುಗದೆ ನಿಲ್ಲುವುದು ಅವನ ಮೊದಲ ಧ್ಯಾನ ಎಂದು ನಾನು ಅಂದುಕೊಳ್ಳುತ್ತೇನೆ.

ಇಂದಿನ ಅಭ್ಯಾಸ: ನೀವು ಸಹನೆ ಎಂದುಕೊಂಡು ನುಂಗಿಕೊಂಡಿರುವ ಒಂದು ವಿಷಯವನ್ನು ನೆನಪಿಸಿಕೊಳ್ಳಿ. ಅದು ಸಹನೆಯೋ ಅಂಜಿಕೆಯೋ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಅಂಜಿಕೆಯಾಗಿದ್ದರೆ, ಅದು ದ್ವೇಷವಾಗುವ ಮೊದಲು, ಗೊತ್ತಿರುವ ಸತ್ಯವನ್ನು ಮಾತ್ರ ಹಿಡಿದುಕೊಂಡು ಹೋಗಿ ಆ ಬಾಗಿಲು ತಟ್ಟಿ.

ಎಲ್ಲ ಮಕ್ಕಳೂ ನಿರ್ಭಯವಾಗಿ ನಡೆಯುವಂತಾಗಲಿ. ಸರಪಳಿಯಲ್ಲಿರುವ ಜೀವಗಳಿಗೂ ಬಿಡುಗಡೆಯಾಗಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.