ತಲೆಯೆತ್ತಿ ನೋಡುವ ಭಾಗ್ಯ

ಪುಣೆಯ ಲೋಹಗಾಂವ್ ವಾಯುನೆಲೆಯ ಆಸುಪಾಸಿನಲ್ಲಿ ಸಂಸಾರ ಹೂಡಿರುವ ನಮಗೆ ಯುದ್ಧವಿಮಾನದ ಸದ್ದು ಕುಕ್ಕರಿನ ಕೂಗಿನಷ್ಟೇ ಪರಿಚಿತ. ಅದು ಕೇಳಿದೊಡನೆ ಮಕ್ಕಳು ತಾರಸಿಗೆ ಓಡುತ್ತಾರೆ. ಸದ್ದು ಬಂದ ಕಡೆ ನೋಡಿದರೆ ವಿಮಾನ ಕಾಣದು. ಒಂದು ಕಿಲೋಮೀಟರು ದೂರದ ಸದ್ದು ಕಿವಿ ಮುಟ್ಟಲು ಸುಮಾರು 3 ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಮುಂದೆ ಸಾಗಿರುತ್ತದೆ. ಇದನ್ನರಿತ ಮಕ್ಕಳು ಸದ್ದಿನ ಮುಂದೆ ಹುಡುಕುತ್ತಾರೆ. ಬಾಲದಲ್ಲಿ ನೆಟ್ಟಗೆ ನಿಂತ ಜೋಡಿ ರೆಕ್ಕೆ ಕಂಡರೆ ‘ಸುಖೋಯ್!’ ಎಂದು ಚಪ್ಪಾಳೆ ತಟ್ಟುತ್ತಾರೆ. 2002ರಲ್ಲಿ ಸುಖೋಯ್-30 ಎಂಕೆಐ ನಮ್ಮ ವಾಯುಪಡೆಯನ್ನು ಸೇರಿದ್ದು ಇದೇ ನೆಲೆಯಲ್ಲಿ. ಆಗಿನ ರಕ್ಷಣಾ ಸಚಿವರು ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. ಅಭಿಮಾನ ಸಹಜವೇ.

ಆದರೆ ಕೊಲ್ಲಬಲ್ಲ ಯಂತ್ರವನ್ನು ಕಂಡು ಹಿಗ್ಗುವುದು ಸರಿಯೆ?

1971ರಲ್ಲಿ ಮುಂಬಯಿಯಲ್ಲಿದ್ದ ನಮ್ಮ ಹಿರಿಯರು ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿ, ಕತ್ತಲಲ್ಲಿ ಕುಳಿತು ಆಕಾಶಕ್ಕೆ ಕಿವಿಗೊಟ್ಟಿದ್ದರು. 2025ರ ಮೇ ತಿಂಗಳಲ್ಲಿ ಅಮೃತಸರ, ಜಮ್ಮುಗಳಲ್ಲಿ ಮನೆಮನೆಯ ದೀಪ ಆರಿತು. ಅಲ್ಲಿಯ ಮಕ್ಕಳು ‘ಯಾವ ವಿಮಾನ?’ ಎಂದು ಕೇಳಿರಲಾರರು, ‘ಯಾರದು?’ ಎಂದು ಕೇಳಿರಬೇಕು.

ವೇಗವನ್ನೂ ವೈಮಾನಿಕನ ಕೌಶಲವನ್ನೂ ಮೆಚ್ಚುವುದು ಪಾಪವಲ್ಲ. ಆದರೆ ಆ ರೆಕ್ಕೆಯ ಕೆಳಗೆ ತೂಗುವುದು ಯಾವುದೋ ಊರಿನ ಮೇಲೆ ಬೀಳಬಹುದು. ಆ ಊರಿನಲ್ಲೂ ತಾರಸಿಗಳಿವೆ, ಮಕ್ಕಳಿದ್ದಾರೆ. ಈ ಮಾತನ್ನು ನಮ್ಮ ಮಕ್ಕಳಿಗೆ ಹೇಳಿದರೆ ದೇಶಾಭಿಮಾನಕ್ಕೆ ಕುಂದಿಲ್ಲ. ನಾವು ನಿರ್ಭಯವಾಗಿ ತಲೆಯೆತ್ತಿ ನೋಡಲೆಂದು ಯಾರೋ ಎಚ್ಚರವಿದ್ದಾರೆ, ಅವರಿಗೆ ಕೃತಜ್ಞರಾಗಿರೋಣ. ಹೊತ್ತು ಹೋದ ಭಾರವನ್ನು ಹಾಗೆಯೇ ಹೊತ್ತು ಅವರು ಹಿಂತಿರುಗಲಿ ಎಂದೂ ಹಾರೈಸೋಣ.