ಮುದಿನಾಯಿಯ ಪಾಲು

ರಾಯಬಾಗ ತಾಲೂಕಿನ ಮುಗಳಖೋಡದ ಕಡೆ ನಾಯಿಯೆಂದರೆ ಹೊಲಮನೆಗಳ ಕಾವಲು. ಅದು ಮುಪ್ಪಾಗಿ, ಹಲ್ಲು ಸವೆದು, ಹೊಲದ ದಾರಿಯಲ್ಲಿ ಹಿಂದೆ ಬೀಳತೊಡಗಿದಾಗ ಸದ್ಭಕ್ತನಲ್ಲಿ ಒಂದು ಸಂಶಯ ಹುಟ್ಟುವುದುಂಟು: ಶರಣರು ಕಾಯಕದ ಹಿರಿಮೆಯನ್ನು ಸಾರಿರುವಾಗ, ಕಾಯಕವಿಲ್ಲದ ಈ ಜೀವಕ್ಕೆ ಅನ್ನವಿಕ್ಕುವುದು ಯುಕ್ತವೇ?

ಕಾಯಕವನ್ನು ಒಲ್ಲದಿರುವುದು ಬೇರೆ, ಮಾಡಿ ದಣಿದಿರುವುದು ಬೇರೆ. ಆಯುಷ್ಯವೆಲ್ಲ ಇರುಳು ಎಚ್ಚರವಿದ್ದು ಕಾಯ್ದ ಜೀವಕ್ಕೆ ಇಕ್ಕುವ ಅನ್ನವು ದಾನವಲ್ಲ, ಋಣ. ಪ್ರಾಣಿಯನ್ನು ಕಾರಣವಿಲ್ಲದೆ ಹಸಿವೆ ನೀರಡಿಕೆಗಳಿಗೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಆದರೆ ಭಕ್ತನಿಗೆ ಕಾಯಿದೆಯ ಅಂಜಿಕೆ ಬೇಕಾಗದು. ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯ ಚಿತ್ರವು 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಅಚ್ಚಾಯಿತು. ಓಡುವ ಕಾಲನ್ನು ಲೋಕವು ಮೆಚ್ಚುವುದು. ಓಡಲಾರದ ಕಾಲಿಗಾಗಿ ತನ್ನ ನಡಿಗೆಯನ್ನು ತಗ್ಗಿಸುವುದು ಭಕ್ತನ ನಡೆ.

ನೆರೆಮನೆಯವರು ಹೋಳಿಗೆಯೂಟಕ್ಕೆ ಕರೆದಾಗ ಅದು ಮೆಲ್ಲನೆ ಹಿಂಬಾಲಿಸಿ ಹೊಸ್ತಿಲಾಚೆ ಕೂರುವುದು. ಪ್ರಸಾದದಲ್ಲಿ ಶೇಷವುಳಿಸದಿರುವುದು ನಮ್ಮ ನೇಮ. ಅಂದ ಮೇಲೆ 'ಉಳಿದುದನ್ನು ಹಾಕಿದರಾಯಿತು' ಎಂಬ ಮಾತಿಗೆ ಎಡೆಯೆಲ್ಲಿ? ಊಟಕ್ಕೆ ಮೊದಲೇ ಒಂದು ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಅದರ ಪಾಲೆಂದು ತೆಗೆದಿರಿಸಬೇಕು. ಕರೆದ ಮನೆಯ ತಾಯಿ ಕೇಳದೆಯೇ ಹಾಗೆ ಇರಿಸಿದರೆ, ಆ ಮನೆಯಲ್ಲಿ ದಾಸೋಹವು ನಿಜವಾಗಿ ನೆಲೆಸಿದೆ.

ಮುಪ್ಪು ನಮಗೂ ಬರುವುದು. ಇಂದು ನಾವು ನಾಯಿಗೆ ಇಕ್ಕುವ ಬಗೆಯನ್ನು ಮನೆಯ ಮಕ್ಕಳು ನೋಡುತ್ತಿರುವರು.