ಮಣ್ಣು, ಚಿನ್ನ ಮತ್ತು ಮನುಷ್ಯ

ಹೊರಕೆರೆದೇವರಪುರದಂಥ ಊರುಗಳಲ್ಲಿ ಬೆಳೆದವರಿಗೆ ಕೆಂಪು ಮಣ್ಣು ಹೊಸದಲ್ಲ. ಹೊಳಲ್ಕೆರೆ, ಹೊಸದುರ್ಗ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಮಣ್ಣಿನ ಕೆಂಪಿಗೂ ಕಬ್ಬಿಣವೇ ಕಾರಣ. ನಮ್ಮ ನೆತ್ತರಿನಲ್ಲಿಯೂ ಅದೇ ಕಬ್ಬಿಣವಿದೆ. ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 3ರಿಂದ 4 ಗ್ರಾಂ, ಅಂದರೆ ಒಂದು ಸಣ್ಣ ಮೊಳೆಗೆ ಸಾಲುವಷ್ಟು. ಗುಡ್ಡದ ಕಬ್ಬಿಣಕ್ಕೂ ನೆತ್ತರಿನ ಕಬ್ಬಿಣಕ್ಕೂ ವಸ್ತುವಿನ ದೃಷ್ಟಿಯಿಂದ ವ್ಯತ್ಯಾಸವಿಲ್ಲ. ಹಾಗಾದರೆ ಮನುಷ್ಯನೆಂದರೆ ಇಷ್ಟೇ ಏನು? ವಿಶ್ವವು ಯಾವುದರಿಂದ ಆಗಿದೆ ಎಂಬ ಪ್ರಶ್ನೆಯನ್ನು ಬೆನ್ನಟ್ಟಿ ಹೋದವರಿಗೆ ಕೊನೆಗೆ ಎದುರಾಗುವುದು ಈ ಪ್ರಶ್ನೆಯೇ.

ಈ ಕಬ್ಬಿಣ ಭೂಮಿಯಲ್ಲಿ ಹುಟ್ಟಿದ್ದಲ್ಲ. ನಕ್ಷತ್ರಗಳಲ್ಲಿ ಏನಿದೆ ಎಂಬುದನ್ನು ಅವುಗಳ ಬೆಳಕಿನಿಂದಲೇ ಅರಿಯುವ ದಾರಿಯನ್ನು 1920ರಲ್ಲಿ ನಮ್ಮ ದೇಶದ ಮೇಘನಾದ ಸಹಾ ಅವರ ಸಮೀಕರಣ ತೆರೆಯಿತು. ಅದನ್ನು ಬಳಸಿ ಸಿಸಿಲಿಯಾ ಪೇನ್ ಎಂಬ ಯುವ ವಿಜ್ಞಾನಿ, ನಕ್ಷತ್ರಗಳಲ್ಲಿ ಇರುವುದು ಬಹುಪಾಲು ಜಲಜನಕವೆಂದು 1925ರಲ್ಲಿ ಕಂಡುಕೊಂಡರು. ಈ ಜಲಜನಕದ ಬೀಜಕಣಗಳು ಸುಮಾರು 1380 ಕೋಟಿ ವರ್ಷಗಳ ಹಿಂದೆ, ವಿಶ್ವದ ಆರಂಭದ ಗಳಿಗೆಗಳಲ್ಲಿಯೇ ಉಂಟಾದವು. ಇಂಗಾಲ, ಆಮ್ಲಜನಕ, ಕಬ್ಬಿಣ ಮುಂತಾದವು ಅನಂತರ ನಕ್ಷತ್ರಗಳ ಒಡಲಲ್ಲಿ ಬೆಂದು, ಅವು ಸಿಡಿದಾಗ ಆಕಾಶದಲ್ಲಿ ಚೆಲ್ಲಿ, ಕಾಲಾಂತರದಲ್ಲಿ ಭೂಮಿಯನ್ನೂ ಅನ್ನದ ಮೂಲಕ ನಮ್ಮ ದೇಹವನ್ನೂ ಸೇರಿದವು. ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಳ್ಳುವಾಗ ನಮಗೆ ನೆನಪಿಸಲಾಗುವ ಧೂಳು ಇಷ್ಟು ಹಳೆಯದು, ಇಷ್ಟು ದೂರದಿಂದ ಬಂದದ್ದು.

ಆದರೆ ಮಣ್ಣು, ನೀರು, ಗ್ರಹ, ನಕ್ಷತ್ರಗಳೆಲ್ಲವನ್ನೂ ಕೂಡಿಸಿದರೂ ಅದು ವಿಶ್ವದ ಶೇಕಡ 5ರಷ್ಟು ಮಾತ್ರ. ಕವಣೆಯನ್ನು ಜೋರಾಗಿ ಬೀಸಿದಷ್ಟೂ ಕಲ್ಲನ್ನು ಹಿಡಿದಿಡಲು ಹಗ್ಗ ಗಟ್ಟಿಯಾಗಿರಬೇಕು. ನಕ್ಷತ್ರಪುಂಜಗಳ ಅಂಚಿನ ನಕ್ಷತ್ರಗಳು ಸುತ್ತುವ ವೇಗವನ್ನು 1970ರ ದಶಕದಲ್ಲಿ ವೇರಾ ರೂಬಿನ್ ಮತ್ತು ಅವರ ಸಂಗಡಿಗರು ಅಳೆದಾಗ, ಕಣ್ಣಿಗೆ ಕಾಣುವ ವಸ್ತುವಿನ ಸೆಳೆತ ಅವನ್ನು ಹಿಡಿದಿಡಲು ಸಾಲದೆಂಬುದು ಸ್ಪಷ್ಟವಾಯಿತು. ಕಾಣದ ಆ ಉಳಿದ ವಸ್ತುವಿಗೆ ಕೃಷ್ಣದ್ರವ್ಯವೆಂದು ಹೆಸರು. ಅದರ ಪಾಲು ಸುಮಾರು ಶೇಕಡ 27. ವಿಶ್ವದ ಹಿಗ್ಗುವಿಕೆ ದಿನೇ ದಿನೇ ವೇಗ ಪಡೆಯುತ್ತಿದೆ ಎಂಬುದು 1998ರಲ್ಲಿ ತಿಳಿದುಬಂತು. ಅದಕ್ಕೆ ಕಾರಣವೆನ್ನಲಾದ ಕೃಷ್ಣಶಕ್ತಿಯ ಪಾಲು ಸುಮಾರು ಶೇಕಡ 68. ಇವೆರಡೂ ನಿಜಕ್ಕೂ ಏನೆಂಬುದು ಇನ್ನೂ ಯಾರಿಗೂ ತಿಳಿದಿಲ್ಲ.

ಈ ಅಜ್ಞಾತವನ್ನು ಕಂಡಾಗ ಭಕ್ತರಾದ ನಮಗೆ ಒಂದು ಆಸೆ ಹುಟ್ಟುತ್ತದೆ. ವಿಜ್ಞಾನಕ್ಕೆ ತಿಳಿಯದ ಆ ಶೇಕಡ 95ರಲ್ಲಿ ದೇವರಿದ್ದಾನೆ ಎಂದುಬಿಡುವ ಆಸೆ ಅದು. ವಿಶ್ವವು ಒಂದು ಆದಿಕಣದಿಂದ ಹಿಗ್ಗಿತೆಂಬ ಚಿಂತನೆಯನ್ನು 1931ರಲ್ಲಿ ಮುಂದಿಟ್ಟವರು ಬೆಲ್ಜಿಯಂ ದೇಶದ ಕಥೋಲಿಕ ಗುರು ಜಾರ್ಜ್ ಲಮೆತ್ರ್. 1951ರಲ್ಲಿ ಪೋಪ್ 12ನೇ ಪಿಯುಸ್ ಅವರು ಇಂಥ ಸಂಶೋಧನೆಗಳನ್ನು ಸೃಷ್ಟಿಯ ನಂಬಿಕೆಗೆ ಬೆಂಬಲವೆಂಬಂತೆ ಮಾತನಾಡಿದಾಗ ಹೆಚ್ಚು ಕಳವಳಗೊಂಡವರು ಈ ಗುರುವೇ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಯಿಂದ ಹೊರಗಿನದು ಎಂಬುದು ಅವರ ನಿಲುವು. ಅದು ವಿವೇಕದ ಮಾತು. ನಮ್ಮ ಅಜ್ಞಾನದ ಮೂಲೆಯಲ್ಲಿ ದೇವರನ್ನು ಕೂರಿಸಿದರೆ, ಅರಿವು ಬೆಳೆದಂತೆಲ್ಲ ಆತನಿಗೆ ಜಾಗ ಕಿರಿದಾಗುತ್ತದೆ. ಸೃಷ್ಟಿಕರ್ತನೆಂದರೆ ನಮಗೆ ತಿಳಿದ ಶೇಕಡ 5ಕ್ಕೂ ಒಡೆಯನಲ್ಲವೇ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ತಪ್ಪಿದೆ. ಮನುಷ್ಯನೂ ಬರಿಯ ಕಣಗಳ ರಾಶಿ, ಆದ್ದರಿಂದ ಅವನಿಗೆ ವಿಶೇಷ ಬೆಲೆಯಿಲ್ಲ ಎನ್ನುವುದು. ಈ ಮಾತನ್ನು ಪರೀಕ್ಷಿಸಲು ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಸಿಗಲಾರದು.

ನ್ಯೂಟ್ರಿನೊ ಎಂಬುದು ವಿಶ್ವದ ಅತಿ ಸೂಕ್ಷ್ಮ ಕಣಗಳಲ್ಲೊಂದು. ಸೂರ್ಯನಿಂದ ಹೊರಟ ಇಂಥ ಕಣಗಳು ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಪ್ರತಿ ಸೆಕೆಂಡಿಗೆ 6000 ಕೋಟಿಗೂ ಮಿಕ್ಕಿ ಹಾದುಹೋಗುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಇವನ್ನು ಹಿಡಿಯಬೇಕಾದರೆ ಆಕಾಶದಿಂದ ಸುರಿಯುವ ಇತರ ಕಣಗಳನ್ನು ತಡೆಯುವಷ್ಟು ಬಂಡೆ ತಲೆಯ ಮೇಲಿರಬೇಕು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಹಾಗೂ ಇಂಗ್ಲೆಂಡಿನ ಡರಮ್ ವಿಜ್ಞಾನಿಗಳೊಡನೆ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಇದು ಸಾಧ್ಯವಾಯಿತು. ಜಗತ್ತಿನಲ್ಲಿ ಇವೇ ಮೊದಲು.

ಆ ಆಳವನ್ನು ತೋಡಿದವರು ಯಾರು? ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ಬಡ ದಲಿತ ಕುಟುಂಬದವರು. ಕಲ್ಲಿನ ಧೂಳು ಅನೇಕರ ಶ್ವಾಸಕೋಶವನ್ನು ತಿಂದಿತು. ಬಂಡೆ ಸಿಡಿದು ಅನೇಕರು ಸತ್ತರು. ಅವರು ಮೇಲೆತ್ತಿದ ಚಿನ್ನ ಒಟ್ಟು ಸುಮಾರು 800 ಟನ್. 2001ರಲ್ಲಿ ಗಣಿ ಮುಚ್ಚಿದಾಗ ಸಾವಿರಾರು ಮನೆಗಳ ಅನ್ನದ ದಾರಿಯೂ ಮುಚ್ಚಿತು.

ಚಿನ್ನ, ಕಲ್ಲು, ಮನುಷ್ಯನ ಶ್ವಾಸಕೋಶ, ಈ ಮೂರನ್ನೂ ಒಡೆದು ನೋಡಿದರೆ ಸಿಗುವುದು ಅವೇ ಪ್ರೋಟಾನು, ಅವೇ ನ್ಯೂಟ್ರಾನು, ಅವೇ ಎಲೆಕ್ಟ್ರಾನು. ಚಿನ್ನಕ್ಕೆ ಬೆಲೆ, ಕಲ್ಲಿಗೆ ಇಲ್ಲ, ಕೂಲಿಯವನ ಉಸಿರಿಗೆ ಅದಕ್ಕೂ ಕಡಿಮೆ ಎಂಬ ಲೆಕ್ಕ ಕಣಗಳಲ್ಲಿ ಬರೆದಿರಲಿಲ್ಲ; ಅದನ್ನು ಬರೆದವರು ಮನುಷ್ಯರು. ಎಲ್ಲರ ದೇಹವೂ ಒಂದೇ ವಸ್ತುವಿನದು, ಆದ್ದರಿಂದ ಎಲ್ಲರೂ ಸಮಾನರು ಎಂದು ನಾವು ಕೆಲವೊಮ್ಮೆ ಸುಲಭವಾಗಿ ವಾದಿಸುತ್ತೇವೆ. ಒಬ್ಬನ ದೇಹ ಹುಟ್ಟಿನಿಂದಲೇ ಮೈಲಿಗೆ ಎನ್ನುವ ಸುಳ್ಳನ್ನು ಕೆಡವಲು ಈ ವಾದ ಸಾಕು. ಆದರೆ ಸಮಾನತೆಯನ್ನು ಕಟ್ಟಲು ಅದು ಸಾಲದು. ಏಕೆಂದರೆ ಚಿನ್ನ ಮತ್ತು ಕಲ್ಲುಗಳದ್ದೂ ಒಂದೇ ವಸ್ತುವಲ್ಲವೇ? ಮನುಷ್ಯನ ಬೆಲೆ ಅವನು ಯಾವುದರಿಂದ ಆಗಿದ್ದಾನೆ ಎಂಬುದರಲ್ಲಿಲ್ಲ. ದೇವರು ಅವನನ್ನು ಬಯಸಿದ್ದಾನೆ ಎಂಬ ನಂಬಿಕೆಯಲ್ಲಿ, ನೆರೆಯವರಾದ ನಾವು ಅವನಿಗೆ ಋಣಿಗಳೆಂಬ ಅರಿವಿನಲ್ಲಿ ಅದಿದೆ. ಇದನ್ನು ಯಾವ ಪ್ರಯೋಗಾಲಯವೂ ಸ್ಥಾಪಿಸಲಾರದು, ಅಲ್ಲಗಳೆಯಲೂ ಆರದು. ಅದನ್ನು ನಿಜಮಾಡುವ ಇಲ್ಲವೇ ಸುಳ್ಳುಮಾಡುವ ಹೊಣೆ ನಮ್ಮ ನಡೆಯ ಮೇಲಿದೆ.

ಆದುದರಿಂದ ನಮ್ಮ ಮಕ್ಕಳು ಶಾಲೆಯಿಂದ ಬಂದು, ನಾವೆಲ್ಲ ನಕ್ಷತ್ರದ ಧೂಳಂತೆ, ಹೌದೇ ಎಂದು ಕೇಳಿದರೆ ತಂದೆತಾಯಿಯರು ಅಂಜಬೇಕಾಗಿಲ್ಲ. ಹೌದೆಂದು ಸಂತೋಷದಿಂದ ಹೇಳೋಣ. ವಿಶ್ವದ ಬಹುಪಾಲು ಇನ್ನೂ ತಿಳಿದಿಲ್ಲ, ಅದನ್ನು ಕಂಡುಹಿಡಿಯುವವರಲ್ಲಿ ನೀವೂ ಒಬ್ಬರಾಗಿ ಎಂದು ಹರಸೋಣ. ಜೊತೆಗೆ, ಹೊಲದಲ್ಲಿ, ಗಣಿಯಲ್ಲಿ, ಚರಂಡಿಯಲ್ಲಿ ದುಡಿಯುವವರನ್ನು ನಮ್ಮ ಮನೆಯಲ್ಲಿ ಹೇಗೆ ಮಾತನಾಡಿಸುತ್ತೇವೆ, ಅವರ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುತ್ತೇವೆಯೇ, ಬಾಯಾರಿ ಬಂದಾಗ ಯಾವ ಲೋಟದಲ್ಲಿ ನೀರು ಕೊಡುತ್ತೇವೆ ಎಂಬುದನ್ನು ಆ ಮಕ್ಕಳು ಗಮನಿಸುತ್ತಿರುತ್ತಾರೆ ಎಂಬುದನ್ನು ಮರೆಯದಿರೋಣ. ಮನುಷ್ಯನ ಬೆಲೆ ಏನೆಂಬುದನ್ನು ಅವರು ಕಲಿಯುವುದು ಅಲ್ಲಿಯೇ.